ಮತ್ತಿಮರದ ಕೆಳಗಿನ ಸೈಕಲ್ಲುಗಳು

ಮೊನ್ನೆ ನಮ್ಮ ಕೇರಿಯ ಸುಮಿತ್ರಾ ಪೇಡೆಯ ಪೊಟ್ಟಣ ಹಿಡಿದುಕೊಂಡು ಬಂದಳು. ಕಂಡಕ್ಟರ್ ಕೆಲಸಕ್ಕೆ ಆದೇಶ ಬಂದಿದೆಯಂತೆ, ಸೋಮವಾರ ಡಿಪೋಕ್ಕೆ ಹಾಜರಾಗಬೇಕಂತೆ. "ದೊಡ್ಡಪ್ಪ, ಮೂವತ್ತು ವರ್ಷ ಬಸ್ಸಲ್ಲಿ ನಿಂತವರು ನೀವು. ನಂಗೆ ಎಂತಾದ್ರೂ ಹೇಳ್ಕೊಡಿ" ಅಂದಳು.

"ಕಾಲು ಅಗಲಿಸಿ ನಿಲ್ಲೂದು ಕಲಿ ಮಗಾ. ಬಾಕಿದ್ದೆಲ್ಲ ಬಸ್ಸೇ ಕಲಿಸ್ತದೆ" ಎಂದು ನಗಿಸಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೇ ಸರಿ ಬರಲಿಲ್ಲ. ನುಂಗಿದ ಮುಳ್ಳು ತಾನಾಗಿ ಕರಗುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಹೇಳಬೇಕಾದದ್ದನ್ನು ಎದುರಿಗೆ ಹೇಳಲು ಬಾಯಿ ಬರದ ಕಾರಣ ಹೀಗೆ ಬರೆಯುತ್ತಿದ್ದೇನೆ.

ಟಿಕೆಟ್ ಹರಿಯುವುದು, ಬ್ಯಾಗು ಕಾಯುವುದು, ಕುಡಿದವನನ್ನು ಇಳಿಸುವುದು, ಇವೆಲ್ಲ ಅವಳಿಗೆ ತರಬೇತಿಯಲ್ಲೇ ಹೇಳುತ್ತಾರೆ. ನಮ್ಮ ಕಡೆಯ ಬಸ್ಸು ಆಗ ಹೇಗಿತ್ತು ಎಂಬುದನ್ನು ಅಲ್ಲಿ ಯಾರೂ ಹೇಳುವುದಿಲ್ಲ. ಒಂದು ಒಳರಸ್ತೆಗೆ ದಿನಕ್ಕೆ ಮೂರು ಸಲ ಬಸ್ಸು ಹೋದರೆ ಆ ಊರಿನವರು ಭಾಗ್ಯವಂತರು. ಸಂಜೆಯ ಬಸ್ಸು ತಪ್ಪಿದರೆ ಶಿರಸಿ ಸ್ಟ್ಯಾಂಡಿನ ಸಿಮೆಂಟು ಬೆಂಚೇ ಹಾಸಿಗೆ. ಬಸ್ಸು ಹೋಗುವುದು ಟಾರು ಇದ್ದಲ್ಲಿಯವರೆಗೆ. ಮನೆಗಳು ಇದ್ದದ್ದು ಅಲ್ಲಿಂದ ಎರಡು ಮೈಲು, ನಾಲ್ಕು ಮೈಲು ಕಾಡಿನೊಳಗೆ. ನಡುವಿನ ಆ ದಾರಿಗೆ ಸೈಕಲ್ಲು. ಏರಿನಲ್ಲಿ ನೂಕಬೇಕು, ಹಳ್ಳ ಬಂದರೆ ಹೊರಬೇಕು, ಇಳಿಜಾರಿನಲ್ಲಿ ದೇವರನ್ನು ನೆನೆಯಬೇಕು.

ಶಿರಸಿಗೆ ಬರುವ ಮೊದಲು ನಾನು ಯಲ್ಲಾಪುರದ ಕಡೆ ದುಡಿದವನು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಡಗುಂದಿಯ ಕಡೆಯಿಂದ ಯಲ್ಲಾಪುರಕ್ಕೆ ಬರುವ ಸಂಜೆಯ ಬಸ್ಸು ನನ್ನದು. ದಾರಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕೋರು ದಿನಾ ಅದೇ ಬಸ್ಸಿಗೆ ಬರುವವರು. ಒಂದು ದಿನ ಯಾವುದೋ ಮಗು ಬಿದ್ದು ಹಣೆ ಒಡೆದುಕೊಂಡಿತ್ತು. ಅಕ್ಕೋರು ಬರುವುದು ತಡವಾಯಿತು. ನಾನು ಒಂಬತ್ತು ನಿಮಿಷ ಕಾದೆ. ಆ ಒಂಬತ್ತು ನಿಮಿಷದಲ್ಲಿ ಯಲ್ಲಾಪುರದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಬಿಟ್ಟುಹೋಯಿತು. ಅದನ್ನು ಹಿಡಿಯಬೇಕಿದ್ದ ಒಬ್ಬರು ನೆಟ್ಟಗೆ ಹೋಗಿ ದೂರು ಬರೆದುಕೊಟ್ಟರು.

ಡಿಪೋದ ಸಾಹೇಬರು ನನ್ನನ್ನು ಕರೆಸಿದರು. ಕೂರು ಅನ್ನಲಿಲ್ಲ. "ಬಸ್ಸು ಸರ್ಕಾರದ್ದು. ನಿನ್ನ ಮಾವನ ಮನೆ ಎತ್ತಿನಗಾಡಿ ಅಲ್ಲ, ಬೇಕಾದಲ್ಲಿ ನಿಲ್ಲಿಸೋದಕ್ಕೆ" ಅಂದರು. ಮೆಮೊ ಕೊಟ್ಟರು, ವಾರ ಕಳೆಯುವುದರೊಳಗೆ ಶಿರಸಿಗೆ ವರ್ಗವೂ ಆಯಿತು. ಅಕ್ಕೋರು ಮಾತ್ರ ಬಸ್‌ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟರು. ಛತ್ರಿಯ ಹಿಡಿಕೆ ತಿರುಗಿಸುತ್ತ ನಿಂತಿದ್ದರು.

ಶಿರಸಿಯಲ್ಲಿ ಸಿಕ್ಕಿದ್ದು ವಸ್ತಿ ಬಸ್ಸು. ಸಿದ್ದಾಪುರ ರಸ್ತೆಯಲ್ಲಿ ಕಾನಸೂರು ದಾಟಿ ಒಳಕ್ಕೆ ತಿರುಗಿ ಕೊನೆಯ ಊರಿನಲ್ಲಿ ತಂಗುವುದು, ಬೆಳಿಗ್ಗೆ ಅಲ್ಲಿಂದಲೇ ಹೊರಟು ಶಿರಸಿಗೆ ಬರುವುದು, ಮಧ್ಯಾಹ್ನ ಒಂದು ಸಲ ಹೋಗಿ ಬರುವುದು, ಸಂಜೆ ಆರಕ್ಕೆ ಮತ್ತೆ ಹೊರಟು ಅಲ್ಲೇ ತಂಗುವುದು. ಒಳರಸ್ತೆಯ ನಡುವೆ ಒಂದು ದೊಡ್ಡ ಮತ್ತಿಮರ. ಊರಿಲ್ಲ, ಮನೆಯಿಲ್ಲ, ಸ್ಟಾಪಿನ ಹೆಸರೇ ಮತ್ತಿಮರ. ಸುತ್ತಲಿನ ನಾಲ್ಕೈದು ಹಳ್ಳಿಯವರು ಬೆಳಿಗ್ಗೆ ಸೈಕಲ್ಲಿನಲ್ಲಿ ಅಲ್ಲಿಗೆ ಬಂದು, ಮರಕ್ಕೆ ಒರಗಿಸಿ, ಬಸ್ಸು ಹತ್ತುವವರು. ಬೀಗವಿಲ್ಲ, ಕಾವಲಿಲ್ಲ. ಸಂಜೆ ಇಳಿದು ತಂತಮ್ಮ ಸೈಕಲ್ಲು ತೆಗೆದುಕೊಂಡು ಹೋಗುವವರು. ಒಂದು ದಿನವೂ ಒಂದು ಬೆಲ್ಲು ಕಳುವಾದದ್ದಿಲ್ಲ.

ಆ ರೂಟಿನಲ್ಲಿ ನನಗಿಂತ ಮೊದಲು ಇದ್ದವರು ತಿಮ್ಮಣ್ಣ ನಾಯ್ಕರು. ಹದಿನೈದು ದಿನ ಜೊತೆಯಲ್ಲಿ ನಿಂತು ಎಲ್ಲ ತೋರಿಸಿಕೊಟ್ಟರು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಮತ್ತಿಮರ ಬಂದಾಗ ಹೊರಗೆ ಬಗ್ಗಿ ಬೆರಳು ಮಡಚಿದರು.

"ಎಂತ ಎಣಿಸ್ತ್ರಿ ನಾಯ್ಕರೇ?"

"ಸೈಕಲ್ಲು. ಕೆಂಪು ಸೀಟಿಂದು ಪೋಸ್ಟ್ ಮಾಸ್ತರರದ್ದು. ಕ್ಯಾರಿಯರ್ ಮುರಿದದ್ದು ಹೆಗಡೇರದ್ದು. ಸೈಕಲ್ಲು ಮರದ ಬುಡದಲ್ಲಿದ್ರೆ ಆಸಾಮಿ ಇನ್ನೂ ಪೇಟೆಯಲ್ಲಿದಾನೆ ಅಂತ. ಸಂಜೆ ಅವನು ಬರೂವರೆಗೆ ಎರಡು ನಿಮಿಷ ಹಿಂದೆಮುಂದೆ ಮಾಡು. ಸೈಕಲ್ಲು ಇಲ್ದಿದ್ರೆ ಟೆಂಪೋನೋ ಟ್ರಕ್ಕೋ ಹತ್ತಿ ಮೊದಲೇ ಮನೆಗೆ ಹೋದ ಅಂತ. ಅವನಿಗೆ ಕಾಯ್ಬೇಡ."

"ಕೇಳಿದ್ರೆ ಅವರೇ ಹೇಳ್ತಾರಲ್ಲ, ಯಾವ ಬಸ್ಸಿಗೆ ಬರ್ತೆ ಅಂತ."

ನಾಯ್ಕರು ನಕ್ಕರು. "ಮಂಜಾ, ಮನುಷ್ಯ ಹೇಳಿದ್ದು ಒಂದು, ಮಾಡೂದು ಇನ್ನೊಂದು. ಸೈಕಲ್ಲು ಸುಳ್ಳು ಹೇಳೂದಿಲ್ಲ."

ಈ ಲೆಕ್ಕ ಎಷ್ಟು ಸಲೀಸಾಗಿ ನಡೆಯಿತೆಂದರೆ, ಆರೇಳು ವರ್ಷ ಒಬ್ಬರೂ ಸ್ಟ್ಯಾಂಡಿನಲ್ಲಿ ಉಳಿಯಲಿಲ್ಲ. ಬಸ್ಸಿನವರಿಗೂ ಗೊತ್ತು, ಊರಿನವರಿಗೂ ಗೊತ್ತು. ಸ್ಟ್ಯಾಂಡಿನ ಕಂಟ್ರೋಲರು ಸೀಟಿ ಊದಿದಾಗ ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ, ಡ್ರೈವರು ಇಳಿದು ಟೈರಿಗೆ ಒದೆಯುತ್ತಿದ್ದ. ಡ್ರೈವರು ಹನುಮಂತಪ್ಪ, ಬನವಾಸಿ ಹತ್ತಿರದ ಗುಡ್ನಾಪುರದವನು, ಮಾತು ಬಯಲುಸೀಮೆಯದು. "ಏನ್ರಿ ಮಂಜಣ್ಣ, ಮತ್ತಿಮರದ ಹಾಜ್ರಿ ಮುಗೀತೇನ್ರಿ?" ಎಂದು ಕೇಳಿ, ನಾನು ಹೂಂ ಅಂದ ಮೇಲೆಯೇ ಗೇರು ಹಾಕುವವನು.

ಎಡವಟ್ಟು ಆಗಲೇ ಇಲ್ಲವೆಂದಲ್ಲ. ಒಮ್ಮೆ ಹೆಗಡೆಯವರು ರಿಪೇರಿಗೆಂದು ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿಕೊಂಡು ಪೇಟೆಗೆ ಹೋಗಿದ್ದರು. ವಾಪಸು ಬರುವಾಗ ಮೇಲೆ ಎರಡು ಕಪ್ಪು ಸೈಕಲ್ಲಿದ್ದವು. ಅವಸರದಲ್ಲಿ ಬೇರೆಯವರದ್ದನ್ನು ಇಳಿಸಿಕೊಟ್ಟೆ. ಮರುದಿನ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದರು. "ಇದು ಯನ್ನ ಸೈಕಲ್ ಅಲ್ದ ಮಾರಾಯಾ! ಇದರ ಬ್ರೇಕು ಹಿಡೀತು! ಆನು ರೂಢಿ ಮೇಲೆ ಗಟ್ಟಿ ಒತ್ತಿದಿ, ಹಳ್ಳಕ್ಕೇ ಹೋಗಿ ಬಿದ್ದಿ!" ಇಡೀ ಬಸ್ಸು ನಕ್ಕಿತು. ಆ ಬಸ್ಸಿನಲ್ಲಿ ಆಗ ನಗು ಬಹಳವಿತ್ತು. ಮುಂದಿನದನ್ನು ಬರೆಯುವ ಮೊದಲು ಅದೂ ಇತ್ತೆಂದು ಹೇಳಿಬಿಡುತ್ತೇನೆ.

ಈರಗೌಡ ಎಂದು ಒಬ್ಬರು. ಮೂವತ್ತೈದರ ಆಸುಪಾಸು. ಮತ್ತಿಮರದಿಂದ ಮೂರು ಮೈಲು ಒಳಗೆ ಮನೆ, ನಾಲ್ಕು ತುಂಡು ಗದ್ದೆ. ಹೆಂಡತಿ ಗಿರಿಜೆಗೆ ಫಿಟ್ಸ್ ಬರುತ್ತಿತ್ತು. ದಿನಾ ಮಾತ್ರೆ ನುಂಗಿದರೆ ಏನೂ ಇಲ್ಲ. ಗದ್ದೆ ನೆಟ್ಟಿಗೂ ಹೋಗುವವಳು, ನನ್ನ ಬಸ್ಸಿನಲ್ಲೇ ತವರಿಗೂ ಹೋಗಿ ಬರುವವಳು. ಬಸ್ಸು ಹತ್ತಿದರೆ ಕಿಟಕಿ ಪಕ್ಕವೇ ಬೇಕು. ಜಾಗ ಇಲ್ಲದಿದ್ದರೆ "ಮಂಜಣ್ಣ, ಯಾರನ್ನಾದ್ರೂ ಎಬ್ಸಿ" ಎಂದು ಹಟ ಮಾಡುವವಳು.

ಹೋಳಿ ಕಳೆದು ಎಂಟು ದಿನ ಆಗಿತ್ತು. ಬೆಳಗಿನ ಬಸ್ಸಿಗೆ ಈರಗೌಡರು ಒಬ್ಬರೇ ಹತ್ತಿದರು. ಸೈಕಲ್ಲನ್ನು ಮರಕ್ಕೆ ಒರಗಿಸಿದ್ದನ್ನು ನಾನೇ ನೋಡಿದ್ದೆ. ನೀಲಿ ಬಣ್ಣದ್ದು, ಹಿಂದಿನ ಮಡ್‌ಗಾರ್ಡಿಗೆ ತಂತಿ ಸುತ್ತಿದ್ದು.

"ಎತ್ಲಾಗೆ ಗೌಡ್ರೇ, ಇಷ್ಟು ಬೆಳಿಗ್ಗೆ?"

"ಮಾತ್ರೆಗೆ ಮಂಜಣ್ಣ. ಅವಳದ್ದು ಮುಗ್ದು ಎರಡ್ ದಿನ ಆಯ್ತು, ಕಾನಸೂರಲ್ಲಿ ಬರೂದೇ ಇಲ್ಲ ಅಂದ್ರು. ನಿನ್ನೆ ಒಂದ್ಸಲ ಬಂದ್ಹೋಯ್ತು. ಇವತ್ತು ಮಲಗೂದ್ರೊಳಗೆ ಮಾತ್ರೆ ಬಾಯಿಗೆ ಬೀಳ್ಲೇಬೇಕು ಅಂದಾರೆ ನರ್ಸಮ್ಮ."

"ಹಾಗಾದ್ರೆ ಮಧ್ಯಾಹ್ನದ ಬಸ್ಸಿಗೇ ಬಂದುಬಿಡಿ."

"ಎಲ್ಲಾಗ್ತದೆ? ಚೀಟಿ ಹೊಸದು ಬರ್ಸ್ಬೇಕಂತೆ. ಡಾಕ್ಟ್ರು ಕೂರೂದೇ ನಾಕ್ ಗಂಟೆ ಮೇಲೆ. ಸಂಜೆ ಬಸ್ಸಿಗೇ ಬತ್ತೆ. ಕಾಯ್ತ್ರಿ ಅಲ್ವಾ?"

"ನಿಮ್ಮ ಸೈಕಲ್ಲು ಮರಕ್ಕಿದ್ರೆ ನನ್ನ ಬಸ್ಸು ಸ್ಟ್ಯಾಂಡಿಗಿದ್ದ ಹಾಗೇ" ಅಂದೆ. ದೊಡ್ಡ ಮಾತು ಆಡಿದೆನೆಂದು ನನಗೇ ಖುಷಿಯಾಗಿತ್ತು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹೋಗುವಾಗ ಮರದ ಬುಡದಲ್ಲಿ ನೀಲಿ ಸೈಕಲ್ಲು ಇರಲಿಲ್ಲ. ವಾಪಸು ಬರುವಾಗಲೂ ಬಗ್ಗಿ ನೋಡಿದೆ, ಇಲ್ಲ. ಮಾತ್ರೆ ಬೇಗ ಸಿಕ್ಕಿರಬೇಕು, ಟೆಂಪೋ ಹತ್ತಿ ಮನೆಗೆ ಹೋದರು ಎಂದುಕೊಂಡೆ. ಸಮಾಧಾನವೇ ಆಯಿತು. ಡಾಕ್ಟರು ನಾಲ್ಕರ ಮೇಲೆ ಕೂರುತ್ತಾರೆಂದು ಅವರ ಬಾಯಿಂದಲೇ ಕೇಳಿದ್ದೆ. ನಾನು ಮರ ನೋಡಿದ್ದು ಎರಡಕ್ಕೆ ಮತ್ತು ಮೂರಕ್ಕೆ. ಮನುಷ್ಯ ಒಂದು ಹೇಳಿದ್ದ, ಸೈಕಲ್ಲು ಇನ್ನೊಂದು ಹೇಳಿತು. ನಾನು ಸೈಕಲ್ಲನ್ನು ನಂಬಿದೆ.

ಸಂಜೆ ಆರಕ್ಕೆ ಕಂಟ್ರೋಲರು ಸೀಟಿ ಊದಿದರು.

"ಹಾಜ್ರಿ ಆತೇನ್ರಿ?" ಹನುಮಂತಪ್ಪ ಕೇಳಿದ.

"ಆಯ್ತು. ಬಿಡು."

"ಮುಂಜಾನೆ ಗೌಡ್ರು ಸಂಜಿಗೆ ಬರ್ತೀನಿ ಅಂದಿದ್ರಲ್ರಿ?"

"ಅವರು ಆಗಲೇ ಹೋದ್ರು ಮಾರಾಯಾ. ಸೈಕಲ್ಲಿಲ್ಲ." ಎರಡು ಬೆಲ್ಲು ಕೊಟ್ಟೆ.

ಮತ್ತಿಮರ ಮುಟ್ಟುವಾಗ ಇನ್ನೂ ಮಸುಕು ಬೆಳಕಿತ್ತು. ದೂರದಿಂದಲೇ ಕಂಡಿತು: ಮರದ ಬುಡದಲ್ಲಿ ನೀಲಿ ಸೈಕಲ್ಲು. ಅದರ ಹ್ಯಾಂಡಲ್ ಹಿಡಿದು ನಿಂತವನು ಗಿರಿಜೆಯ ತಮ್ಮ ರಾಮ. ಬಸ್ಸು ನಿಂತಿತು. ಇಬ್ಬರೋ ಮೂವರೋ ಇಳಿದರು. ರಾಮ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಬಾಗಿಲಿಗೆ ಬಂದ.

"ಭಾವ ಇಳೀಲಿಲ್ಲಾ?"

ನಾನು ಬಾಗಿಲ ಕಂಬಿ ಹಿಡಿದು ಕೆಳಗೆ ಬಗ್ಗಿದೆ. "ಸೈಕಲ್ಲು... ಮಧ್ಯಾಹ್ನ ಇರಲಿಲ್ವಲ್ಲ?"

"ನಾನೇ ತಗೊಂಡ್ ಹೋಗಿದ್ದೆ. ಅಕ್ಕಂಗೆ ಮತ್ತೆ ಸುರು ಆಯ್ತು. ಕಾನಸೂರಿಂದ ನರ್ಸಮ್ಮನ್ನ ಕ್ಯಾರಿಯರ್ ಮೇಲೆ ಕೂರ್ಸ್ಕಂಡು ಬಂದೆ. ಅವರು ಮನೇಲೇ ಅದಾರೆ. ಒಂದರ ಬೆನ್ನಿಗೊಂದು ಬತ್ತಾ ಉಂಟು. ಭಾವ ಸಂಜೆ ಬಸ್ಸಿಗೆ ಮಾತ್ರೆ ತತ್ತಾನೆ, ಸೈಕಲ್ ತಗೊಂಡ್ಹೋಗಿ ಮರದ ಹತ್ರ ನಿಲ್ಲು ಅಂದ್ರು. ಭಾವ ಎಲ್ಲಿ?"

ಹನುಮಂತಪ್ಪ ಸೀಟಿನಿಂದ ತಿರುಗಿ ನನ್ನನ್ನೇ ನೋಡಿದ. "ತಿರಗಸ್ಲೇನ್ರಿ? ನೀವು ಹೂಂ ಅನ್ರಿ, ನಾ ತಿರಗಸ್ತೀನಿ."

ಬಸ್ಸಿನಲ್ಲಿ ಇನ್ನೂ ಇಪ್ಪತ್ತು ಜನರಿದ್ದರು. ಹಿಂದಿನಿಂದ ಒಬ್ಬರು, "ನಮ್ಮನ್ನ ಮನೆ ಮುಟ್ಸಿ ಆಮೇಲೆ ಎಂತ ಬೇಕಾದ್ರೂ ಮಾಡ್ಕಳಿ" ಅಂದರು. ಫೋನಿಲ್ಲ, ಕೇಳಿ ಒಪ್ಪಿಗೆ ಪಡೆಯುವ ದಾರಿಯಿಲ್ಲ. ಒಂಬತ್ತು ನಿಮಿಷಕ್ಕೆ ಸಿಕ್ಕ ಮೆಮೊ ನೆನಪಿತ್ತು. ರೂಟು ಬಿಟ್ಟು ಬಸ್ಸು ತಿರುಗಿಸಿದರೆ ಕೆಲಸವೇ ಹೋದೀತು ಅನಿಸಿತು. ಮುಂದೆ ಹೋಗಲೆಂದು ನಾನು ಎರಡು ಬೆಲ್ಲು ಕೊಟ್ಟೆ. ಕೊನೆಯ ಊರಿನಲ್ಲಿ ಎಲ್ಲರೂ ಇಳಿದ ಮೇಲಾದರೂ ಖಾಲಿ ಬಸ್ಸು ತಿರುಗಿಸಬಹುದಿತ್ತು. ಡೀಸೆಲ್ ಬೆಳಗಿನ ಟ್ರಿಪ್ಪಿಗೆ ಬೇಕು ಎಂದೆ. ಹನುಮಂತಪ್ಪ ಅಂದು ಊಟ ಮಾಡಲಿಲ್ಲ. ನಾನು ಹೇಳಿಕೊಂಡ ಕಾರಣಗಳಲ್ಲಿ ಒಂದೂ ಸುಳ್ಳಲ್ಲ, ಸುಮಿತ್ರಾ. ಒಂದೂ ಸಾಕಾಗುವುದಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಮತ್ತಿಮರದ ಬುಡದಲ್ಲಿ ಇನ್ನೊಂದು ಸೈಕಲ್ಲು ಬಿದ್ದಿತ್ತು. ಶಿರಸಿಯ ಬಾಡಿಗೆ ಸೈಕಲ್ಲು. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಮುಂದಿನ ಟೈರು ಹರಿದು ರಿಮ್ಮಿಗೆ ಸುತ್ತಿಕೊಂಡಿತ್ತು. ಬಸ್ಸು ತಪ್ಪಿದ ಮೇಲೆ ಈರಗೌಡರು ಟ್ರಕ್ಕೋ ಜೀಪೋ ಸಿಕ್ಕೀತೆಂದು ನಡುರಾತ್ರಿಯವರೆಗೆ ಅಲೆದು, ಕಡೆಗೆ ಸ್ಟ್ಯಾಂಡಿನ ಎದುರಿನ ಸೈಕಲ್ ಶಾಪಿನವನನ್ನು ಎಬ್ಬಿಸಿ ಬೇಡಿಕೊಂಡು ಅದನ್ನು ತೆಗೆದುಕೊಂಡು ಹೊರಟಿದ್ದರು. ಅರ್ಧ ದಾರಿಯಲ್ಲಿ ಟೈರು ಹೋಗಿದೆ. ನೂಕಿಕೊಂಡು ಬಂದು, ಮರದ ಹತ್ತಿರ ಬಿಟ್ಟು, ಉಳಿದ ಮೂರು ಮೈಲು ಓಡಿದ್ದಾರೆ.

ಮರದ ಬುಡದಲ್ಲಿ ನಾಲ್ಕು ಜನ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದರು. ಬೆಳಿಗ್ಗೆ ಗಿರಿಜೆಯನ್ನು ಕಂಬಳಿಯಲ್ಲಿ ಹೊತ್ತು ಇದೇ ಬಸ್ಸಿಗೆ ತರುವುದೆಂದು ಮಾತಾಗಿತ್ತಂತೆ. ಅವರು ಬಂದದ್ದು ಬಸ್ಸಿಗಲ್ಲ, ಅವಳ ತವರಿನವರು ಬಂದರೆ ಕರೆದುಕೊಂಡು ಹೋಗಲು. "ಕೋಳಿ ಕೂಗೂ ಹೊತ್ತಿಗೆ ಜೀವ ಹೋಯ್ತು. ಗೌಡ ಬಂದು ಮುಟ್ಟಿದ್ದು ಆಮೇಲೆ" ಎಂದು ಒಬ್ಬ ಹೇಳಿದ.

ಆ ಬಾಡಿಗೆ ಸೈಕಲ್ಲನ್ನು ನಾನೇ ಟಾಪಿಗೆ ಏರಿಸಿ ಶಿರಸಿಗೆ ಒಯ್ದು ಅಂಗಡಿಗೆ ಕೊಟ್ಟೆ. ಅಂಗಡಿಯವನು ರಿಮ್ಮು ಸವರಿ ನೋಡಿದ. "ಮಾತ್ರೆ ಮುಟ್ಟಿತಂತಾ?" ಎಂದ. ನನ್ನ ಮುಖ ನೋಡಿ ಸೈಕಲ್ಲನ್ನು ಒಳಗೆ ನೂಕಿಕೊಂಡು ಹೋದ.

ನರ್ಸಮ್ಮ ಬಹಳ ದಿನದ ಮೇಲೆ ಬಸ್ಸಿನಲ್ಲಿ ಸಿಕ್ಕರು. ಆ ರಾತ್ರಿಯ ವಿಷಯ ನಾನೇ ಕೇಳಿದೆ. "ಎಂಟು ಗಂಟೆಯಿಂದ ಹತ್ತರವರೆಗೆ ಎಚ್ಚರ ಇತ್ತು ಅವಳಿಗೆ. ಗಂಜಿ ಕುಡಿದ್ಲು. ಆಗ ಮಾತ್ರೆ ಇದ್ದಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿ, "ಖಾತ್ರಿ ಹೇಳೂಕೆ ಬರೂದಿಲ್ಲ ಬಿಡಿ" ಅಂದರು. ಏಳಕ್ಕೆ ಮತ್ತಿಮರ, ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆ ದಾರಿ. ನಾನು ಕಾದಿದ್ದರೆ ಎಂಟರೊಳಗೆ ಈರಗೌಡರು ಮನೆಯಲ್ಲಿರುತ್ತಿದ್ದರು.

ಊರಿನವರು ಸಹಿ ಮಾಡಿ ನನ್ನ ಮೇಲೆ ಅರ್ಜಿ ಕೊಟ್ಟರು. ಕೊಡಬೇಕಾದದ್ದೇ. ವಿಚಾರಣೆಗೆ ಹೊಸ ಸಾಹೇಬರು ಬಂದರು; ನನ್ನನ್ನು, ಕಂಟ್ರೋಲರನ್ನು, ಈರಗೌಡರನ್ನು ಕೂರಿಸಿದರು. ಈ ಸಲ ನನಗೂ ಕುರ್ಚಿ ಸಿಕ್ಕಿತು. ಕಂಟ್ರೋಲರ ಪುಸ್ತಕದಲ್ಲಿ ಬಸ್ಸು ಬಿಟ್ಟ ಹೊತ್ತು ಆರು ಗಂಟೆ ಎಂದಿತ್ತು. ಸಾಹೇಬರು ಈರಗೌಡರತ್ತ ತಿರುಗಿದರು.

"ಬಸ್ಸು ಟೈಮಿಗೆ ಮೊದಲೇ ಹೋಯ್ತಾ?"

ಸುಳ್ಳು ಹೇಳುತ್ತಾರೆಂದು ಕಾದೆ. ಹೇಳಲಿ ಎಂದೂ ಅನಿಸಿತ್ತು. ಅವರು ನೆಲ ನೋಡುತ್ತಲೇ ಅಂದರು: "ಇಲ್ರಾ. ಬಸ್ಸು ಟೈಮಿಗೇ ಹೋಗ್ಯದೆ. ನಾನೇ ತಡ ಆದೆ. ಒಂದ್ ಅಂಗಡೀಲಿ ಮಾತ್ರೆ ಇರ್ಲಿಲ್ಲ, ಇನ್ನೊಂದಕ್ಕೆ ಓಡ್ದೆ."

ಎಷ್ಟು ತಡ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮತ್ತಿಮರದ ಲೆಕ್ಕದ ಮಾತನ್ನು ನಾನು ಎತ್ತಲೇ ಇಲ್ಲ; ಅದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ. "ಸಮಯಪಾಲನೆ ಮಾಡಿದ್ದಾರೆ, ತಪ್ಪು ಕಂಡುಬಂದಿಲ್ಲ" ಎಂದು ಸಾಹೇಬರು ಬರೆದರು. ನನ್ನ ಸೇವಾ ಪುಸ್ತಕದಲ್ಲಿ ಇರುವ ಒಂದೇ ಒಂದು ಒಳ್ಳೆಯ ಮಾತು ಅದು. ಕಾದದ್ದಕ್ಕೆ ಮೆಮೊ, ಕಾಯದಿದ್ದದ್ದಕ್ಕೆ ಮೆಚ್ಚುಗೆ.

ತಿಂಗಳು ಕಳೆದ ಮೇಲೆ ಈರಗೌಡರು ಮತ್ತೆ ಬಸ್ಸಿಗೆ ಬರತೊಡಗಿದರು. ಮೊದಲಿನ ಹಾಗೆಯೇ ಚಿಲ್ಲರೆ ಕೊಟ್ಟು "ಶಿರಸಿ" ಅನ್ನುವರು. ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಆದರೆ ಮೊದಲ ದಿನವೇ ಒಂದು ಸದ್ದು ಕೇಳಿ ಬಗ್ಗಿ ನೋಡಿದೆ. ಎಮ್ಮೆ ಕಟ್ಟುವ ದಪ್ಪ ಸರಪಳಿಯನ್ನು ಸೈಕಲ್ಲಿನ ಚಕ್ರದೊಳಗಿಂದ ತೂರಿಸಿ, ಮತ್ತಿಮರದ ಬೇರಿಗೆ ಸುತ್ತಿ, ಬೀಗ ಹಾಕುತ್ತಿದ್ದರು. ಕಳ್ಳರೇ ಇಲ್ಲದ ಜಾಗ. ಆ ಮರದ ಬುಡದಲ್ಲಿ ಬೀಗ ಹಾಕಿದ ಸೈಕಲ್ಲು ಅದೊಂದೇ. ರಾಮ ಪಕ್ಕದಲ್ಲೇ ನಿಂತಿದ್ದ, ಮುಖ ಬೇರೆ ಕಡೆ ಮಾಡಿಕೊಂಡು. ಆಮೇಲೆ ಅವನು ದಾವಣಗೆರೆ ಕಡೆ ಕೆಲಸಕ್ಕೆ ಹೋದ. ಭಾವನ ಮನೆಗೆ ಬರುವುದನ್ನೂ ಬಿಟ್ಟನೆಂದು ಕೇಳಿದೆ.

ವರ್ಷಗಳು ಉರುಳಿದವು. ಟಿಕೆಟ್ ಪುಸ್ತಕ ಹೋಗಿ ಗುಂಡಿ ಒತ್ತುವ ಮಷೀನು ಬಂತು. ಹನುಮಂತಪ್ಪ ಊರ ಹತ್ತಿರದ ರೂಟು ಕೇಳಿಕೊಂಡು ಬನವಾಸಿ ಕಡೆ ಹೋದ. ಒಳರಸ್ತೆಗಳಲ್ಲಿ ಟೆಂಪೋಗಳು ಹೆಚ್ಚಾದವು, ಆಮೇಲೆ ಮನೆಗೊಂದು ಬೈಕು. ಮರದ ಬುಡದಲ್ಲಿ ಹದಿನೈದು ಇದ್ದದ್ದು ಆರಾಯಿತು, ಮೂರಾಯಿತು. ಕಡೆಗೆ ಸರಪಳಿಯ ಸೈಕಲ್ಲೊಂದೇ ಉಳಿಯಿತು. ಹೊಸ ಕಂಡಕ್ಟರುಗಳಿಗೆ ಅದು ಯಾರದ್ದೆಂದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಕಾರಣವೂ ಇಲ್ಲ.

ಕಡೆಗೆ ನನಗೂ ಬೇರೆ ರೂಟು ಬಂದಿತ್ತು; ನಿವೃತ್ತನಾದ ದಿನ ಕೇಳಿಕೊಂಡು ಅದೇ ಹಳೆಯ ರೂಟಿಗೆ ಹೋದೆ. ಮಧ್ಯಾಹ್ನ ನೋಡಿದಾಗ ಸೈಕಲ್ಲು ಮರಕ್ಕೆ ಕಟ್ಟಿತ್ತು. ಸಂಜೆ ಆರಾಯಿತು, ಈರಗೌಡರು ಬರಲಿಲ್ಲ. ಸೀಟಿ ಕೇಳಿತು. ನಾನು ಬೆಲ್ಲಿನ ಹಗ್ಗ ಮುಟ್ಟಲಿಲ್ಲ. ಹೊಸ ಕಂಟ್ರೋಲರು ಬಂದು ತಟ್ಟಿದರು: "ಹೋಯ್, ಹೊರಡಿ ಮಾರಾಯ್ರೆ! ಕಡೇ ದಿನ ಅಂತ ಬಸ್ಸನ್ನೇ ಮನೆಗೆ ಒಯ್ತ್ರಾ?" ಜನ ಗೊಣಗಿದರು. ಒಬ್ಬಾಕೆ ಇಳಿದು ಟೆಂಪೋ ಹತ್ತಿದಳು. ನಾನು ಸ್ಟ್ಯಾಂಡಿನ ಗೇಟನ್ನೇ ನೋಡುತ್ತ ನಿಂತೆ. ಇನ್ನು ಸಾಧ್ಯವೇ ಇಲ್ಲ ಎಂದಾದಾಗ ಗಡಿಯಾರ ನೋಡಿಕೊಂಡು ಬೆಲ್ಲು ಕೊಟ್ಟೆ.

ಮತ್ತಿಮರದ ಬುಡದಲ್ಲಿ ಈರಗೌಡರು ಕುಳಿತಿದ್ದರು. ಪಕ್ಕದಲ್ಲಿ ಸರಪಳಿ ಕಟ್ಟಿದ ಸೈಕಲ್ಲು, ಮಡಿಲಲ್ಲಿ ಒಂದು ಮೊಗೆಕಾಯಿ, ಸಾಂಬಾರಿನ ಸೌತೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಇಳಿದೆ.

"ಪಕ್ಕದ್ಮನೆಯವ್ರ ಬೈಕಲ್ಲಿ ಬೇಗ ಬಂದೆ" ಅಂದರು. "ನಿಮ್ಮದು ಇವತ್ತೇ ಕಡೇದಂತೆ ಅಲ್ವಾ? ಕಂಡು ಹೋಗುವಾ ಅಂತ ಕೂತೆ. ಬಸ್ಸು ಎಂತಕ್ಕೆ ಇಷ್ಟು ತಡ?"

"ಕಾದೆ."

"ಯಾರಿಗೆ?"

"ನಿಮಗೆ. ಸೈಕಲ್ಲು ಇತ್ತಲ್ಲ ಮರಕ್ಕೆ."

ಅವರು ಮೊಗೆಕಾಯಿಯನ್ನು ನನ್ನ ಕೈಯಲ್ಲಿಟ್ಟರು. ಬಗ್ಗಿ ಬೀಗ ತೆಗೆದು, ಸರಪಳಿಯನ್ನು ಒಂದೊಂದೇ ಸುತ್ತು ಬಿಚ್ಚಿ ಹ್ಯಾಂಡಲ್ಲಿಗೆ ತೂಗುಹಾಕಿದರು.

"ಎಷ್ಟೊತ್ತು ಕಾದ್ರಿ?"

"ಹದಿನಾಲ್ಕು ನಿಮಿಷ."

"ಹದಿನಾಲ್ಕು" ಅಂದರು. ಬೀಗವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ಆವತ್ತು ನಂಗೆ ಆರು ಸಾಕಿತ್ತು ಮಂಜಣ್ಣ."

ಸೈಕಲ್ಲು ನೂಕಿಕೊಂಡು ಕಾಡಿನ ದಾರಿಗೆ ಇಳಿದರು. ಅವರು ಕಣ್ಣಿಗೆ ಮರೆಯಾದ ಮೇಲೂ ಸರಪಳಿಯ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ನಾನು ಬಸ್ಸು ಹತ್ತಿದೆ.